ಮೂರನೇ ನೀರು

ನಳ ಬರೂದು ಎಂಟು ದಿನಕ್ಕೊಮ್ಮೆ, ನಸುಕಿನ ನಾಕಕ್ಕ.
ಮೊದಲ ಗಾಳಿ, ಆಮ್ಯಾಲ ಕೆಮ್ಮು, ಆಮ್ಯಾಲ ನೀರು.
ಆ ಕೆಮ್ಮಿಗೇ ಎಚ್ಚರಾಗತೈತಿ ನಮ್ಮ ಓಣಿ,
ಕೊಡದ ಬಾಯಿಗೆ ಕೊಡ ಬಡಕೋತ.

ದೂರೇನಿಲ್ಲ, ಇಲ್ಲೇ ಮೂರು ಮೈಲಿನ್ಯಾಗ
ನನ್ನ ತವರಮನಿ ಬಚ್ಚಲದ ಮ್ಯಾಲ ಹಿನ್ನೀರು ನಿಂತೈತಿ.
ಅವ್ವನ ಒಗಿಯೂ ಕಲ್ಲು ಅದರ ತಳದಾಗ
ಇಪ್ಪತ್ತು ವರ್ಷದಿಂದ ತೊಯ್ಕೋತ ಕುಂತಿರಬೇಕು.
ಇಲ್ಲಿ ನವನಗರದಾಗ, ಮೂವತ್ತು ನಲವತ್ತರ ಸೈಟಿನ್ಯಾಗ
ಒಂದು ಬಕೀಟು ಚೆಲ್ಲಾಕ ನಾ ನಾಕು ಸಲ ಯೋಚಿಸತೀನಿ.

ಒಂದನೇ ನೀರು ಕರ್ರಗ. ಬುರುಗು, ಬಸ್ಸಿನ ಧೂಳು,
ಮೊಮ್ಮಗ ಕಾಲರಿಗೆ ಒರಸಿಕೊಂಡ ಉಪ್ಪಿನಕಾಯಿ.
ಅದು ಸಂಡಾಸಕ್ಕ. ಉಳದರ ಔಡಲ ಗಿಡಕ್ಕ;
ಔಡಲ ಯಾರ ಎಂಜಲಕ್ಕೂ ಮಾರಿ ಸಿಂಡರಿಸಂಗಿಲ್ಲ.
ಎರಡನೇದು ಅಕ್ಕಿ ತೊಳದ ನೀರಿನಂಗ, ಬಾಳಿ ಬುಡಕ್ಕ.
(ಇಳಕಲ್ ಸೀರಿ ಬಣ್ಣ ಬಿಟ್ಟ ದಿನ ಆ ಬುಡ
ಯಾರೋ ಕುಂಕುಮದ ಭರಣಿ ಬೀಳಿಸಿದಂಗ.)
ಮೂರನೇ ನೀರಿನ್ಯಾಗ ನನ್ನ ಬಳಿ ಎಣಿಸಬಹುದು.
ಅದು ಬದನಿಗೆ, ಹೀರಿಬಳ್ಳಿಗೆ, ಕರಿಬೇವಿಗೆ.

ಇದನ್ನ ಯಾರೂ ಕಲಿಸಲಿಲ್ಲ. ಸತ್ತ ಗಿಡ ಕಲಿಸಿದವು.
ಮೊದಲ ವರ್ಷ ಪೌಡರಿನ ನೀರು ಹಾಕಿ ಹಾಕಿ
ಕರಿಬೇವು ಎಲಿಯಂಚಿಗೆ ಬೀಡಿ ತಾಗಿಸಿದಂಗ ಸುಟಗೊಂಡು ನಿಂತಿತು.
ಮಣ್ಣಿನ ಮ್ಯಾಲ ಬೆಳ್ಳನ ಪದರ.
ಬಾಜೂಮನಿ ಮಾಬುಬಿ ಬೆರಳಿಗೆ ಹಚ್ಚಿ ನೆಕ್ಕಿ ನೋಡಿ
"ಅಕ್ಕಾ, ಇದು ಮಣ್ಣಲ್ಲ, ಸವಳು" ಅಂದ್ಲು, ಉಗುಳಿದ್ಲು.
ಮರುದಿನ ಸೆರಗಿನ್ಯಾಗ ಅಂಟವಾಳಕಾಯಿ ಕಟಗೊಂಡು ಬಂದ್ಲು.
ರಾತ್ರಿ ನೆನಿಯಿಟ್ಟು ಮುಂಜಾನಿ ಕಿವುಚಬೇಕು.
ಅರಿವಿ ಮೊದಲಿನಷ್ಟು ಬೆಳ್ಳಗ ಆಗಂಗಿಲ್ಲ, ಖರೆ.
ಬೆಳ್ಳನ ಅರಿವಿ ಯಾರರ ಉಂತಾರೇನು?
ಬದನಿಕಾಯಿ ಉಂತಾರ.

ಆದರ ಇವರ ಅರಿವಿಗೆ ಮಾತ್ರ ಬ್ಯಾರೆ ಬಕೀಟು.
ಸಿಮೆಂಟ್ ಫ್ಯಾಕ್ಟರಿಯ ಖಾಕಿ ಅಂಗಿ. ಒಗದ ನೀರು
ಸಂಜಿತನಕ ಇಟ್ಟರ ತಳಕ್ಕ ಗಿಲಾವು ಹಿಡೀತಿತ್ತು.
ಮರತು ಒಮ್ಮೆ ಟೊಮ್ಯಾಟೊ ಬುಡಕ್ಕ ಸುರದೆ,
ನಾಕನೇ ದಿನಕ್ಕ ಗಿಡ ತಲಿ ಕೆಳಗ ಹಾಕಿತು.
ಆವತ್ತು ಇವರು ಗಿಡಾನೂ ನೋಡಿದರು, ತಮ್ಮ ಅಂಗೀನೂ ನೋಡಿದರು.
ಏನೂ ಅನ್ನಲಿಲ್ಲ. ಉಂಡು ರಾತ್ರಿಪಾಳಿಗೆ ಹೋದರು.
ಅಂಗಿ ಕಿಸೆ ಮ್ಯಾಲ ದಾರದಿಂದ ಹೊಲದ ಹೆಸರು,
ನಾ ಬಾಯಿಲೆ ಎಂದೂ ಹೇಳದ ಯಮನಪ್ಪ ಅನ್ನೂ ಹೆಸರು.
ತಿಕ್ಕಿ ತಿಕ್ಕಿ ಮುಂದಿನ ಎರಡಕ್ಷರ ನಾನೇ ಅಳಿಸೇನಿ.

ಮೂವತ್ತೊಂದು ವರ್ಷ ಆ ನೀರು ಗಟಾರಕ್ಕ.

ಹ್ವಾದ ಶನಿವಾರ ಹಾರ ಹಾಕಿ, ಗ್ವಾಡಿ ಗಡಿಯಾರ ಕೊಟ್ಟು ಕಳಿಸಿದರು.
ರವಿವಾರ ಕಡೀ ಸಲ ಆ ಅಂಗಿ ಒಗದೆ.
ಮೂರನೇ ನೀರೂ ಬೂದಿ. ನಾಕನೇದೂ. ಐದನೇದಕ್ಕ
ಮಾಬುಬಿ ತನ್ನ ಬ್ಯಾರಲ್ಲಿನಿಂದ ಎರಡು ಕೊಡ ತಂದು ಕೊಟ್ಟಳು,
ಹಿಂಗ ನೀರು ಹಾಳುಮಾಡಾಕತ್ತೀಯಲ್ಲ ಅಂತ ಕೇಳಲಿಲ್ಲ.
ಏಳನೇ ನೀರಿನ್ಯಾಗ ಬಳಿ ಕಂಡವು.

ಎಂದೂ ಬಕೀಟು ಮುಟ್ಟದವರು ಬಂದು ಎತ್ತಿದರು.
"ಇದನ್ನ ಯಾವುದಕ್ಕ ಹಾಕಲಿ?"
ಟೊಮ್ಯಾಟೊಕ್ಕ ಅಂದೆ.
ಸುಮ್ಮನ ನಿಂತರು. "ಹಾಕ್ರೀ, ಸಾಯಂಗಿಲ್ಲ" ಅಂದೆ,
ನನಗೂ ಗೊತ್ತಿರಲಿಲ್ಲ.

ಇವತ್ತು ನಸುಕಿನ್ಯಾಗ ಕೆಮ್ಮು ಕೇಳಿ ಎದ್ದೆ,
ನಳ ಬಂತು ಅಂತ ಕೊಡ ತಗೊಂಡು ಓಡಿದೆ.
ನಳ ಒಣಗೇ ಇತ್ತು. ಕೆಮ್ಮಾಕತ್ತಿದ್ದವರು ಇವರು,
ಹಿತ್ತಲದಾಗ ಕುಕ್ಕರಗಾಲಿಲೆ ಕುಂತು
ಎಲಿ ಒಂದೊಂದನ್ನ ತಿರುವಿ ನೋಡಾಕತ್ತಿದ್ದರು.
ಹೂವು ಬಂದೈತಿ ನೋಡು ಅಂದರು.
ಕತ್ತಲದಾಗ ನನಗೇನೂ ಕಾಣಲಿಲ್ಲ.
ಕೊಡ ಕೆಳಗಿಟ್ಟು ಹತ್ತರ ಹ್ವಾದೆ.